ಖಂಡಗಳು ಚಲಿಸುತ್ತವೆ ಎಂದ ವೆಗೆನರ್ ಅವರನ್ನು ಇಡೀ ಜಗತ್ತು ಹುಚ್ಚ ಎಂದಿತ್ತೇ? ಫಾರ್ವರ್ಡ್‌ನಲ್ಲಿ ಬಾರದ ಅರ್ಧ ಕಥೆ

ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಆಗಾಗ ತಿರುಗಿ ಬರುವ ಒಂದು ಸಂದೇಶವಿದೆ. ಜರ್ಮನಿಯ ವಿಜ್ಞಾನಿಯೊಬ್ಬರು ಭೂಮಿಯ ಖಂಡಗಳು ಚಲಿಸುತ್ತವೆ ಎಂದರಂತೆ. ಇಡೀ ಜಗತ್ತು ಅವರನ್ನು ಹುಚ್ಚ ಎಂದು ಕರೆದು ನಕ್ಕಿತಂತೆ. ತನ್ನ ಮಾತಿಗೆ ಸಾಕ್ಷಿ ಹುಡುಕಲು ಹೋಗಿ ಒಬ್ಬಂಟಿಯಾಗಿ ಹಿಮದಲ್ಲಿ ಸತ್ತರಂತೆ. ಆಮೇಲೆ ಅವರು ಹೇಳಿದ್ದೆಲ್ಲ ಅಕ್ಷರಶಃ ನಿಜವಾಯಿತಂತೆ. ಸಂದೇಶ ಅಷ್ಟಕ್ಕೇ ನಿಂತರೆ ನಾವೂ ಸುಮ್ಮನಿರುತ್ತಿದ್ದೆವು. ಆದರೆ ಕೊನೆಯಲ್ಲಿ ಯಾವುದಾದರೂ ಕಷಾಯವೋ ಮ್ಯಾಗ್ನೆಟ್ ಚಿಕಿತ್ಸೆಯೋ ಬಂದು ಸೇರಿಕೊಂಡಿರುತ್ತದೆ. ಅಂದು ಅವರನ್ನೂ ನಂಬಲಿಲ್ಲ, ಇಂದು ನಮ್ಮನ್ನೂ ನಂಬುತ್ತಿಲ್ಲ ಎಂಬುದು ಅದರ ಧಾಟಿ.

ಆಲ್‌ಫ್ರೆಡ್ ವೆಗೆನರ್ ಎಂಬುವರು ಇದ್ದದ್ದು ನಿಜ. ಖಂಡಗಳು ಚಲಿಸುವುದು ನಿಜ. ಅವರು ಹಿಮದಲ್ಲೇ ತೀರಿಕೊಂಡದ್ದೂ ನಿಜ. ಉಳಿದದ್ದರಲ್ಲಿ ಬಹಳಷ್ಟನ್ನು ತಿದ್ದಬೇಕಾಗುತ್ತದೆ. ತಿದ್ದಿದರೆ ಕಥೆಯ ರುಚಿ ಕೆಡುವುದಿಲ್ಲ ಎಂಬ ಧೈರ್ಯ ನಮಗಿದೆ.

ವೃತ್ತಿ ಹವಾಮಾನ, ಹುಚ್ಚು ಹಿಮ

ವೆಗೆನರ್ ಹುಟ್ಟಿದ್ದು 1880ರ ನವೆಂಬರ್ 1ರಂದು, ಬರ್ಲಿನ್‌ನಲ್ಲಿ. ತಂದೆ ಪಾದ್ರಿ, ಹಳೆಯ ಭಾಷೆಗಳನ್ನು ಕಲಿಸುತ್ತಿದ್ದ ಮೇಷ್ಟ್ರು. ಐದು ಮಕ್ಕಳಲ್ಲಿ ಇವರೇ ಕೊನೆಯವರು. 1905ರಲ್ಲಿ ಖಗೋಳವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದರು. ಆದರೆ ರಾತ್ರಿಯೆಲ್ಲ ದೂರದರ್ಶಕದ ಮುಂದೆ ಕೂರುವ ಕೆಲಸಕ್ಕಿಂತ ಮೈಮುರಿದು ಓಡಾಡುವ ಕೆಲಸವೇ ಅವರಿಗೆ ಹಿಡಿಸಿತು. ಗಾಳಿಪಟ ಮತ್ತು ಬಲೂನುಗಳಿಗೆ ಉಪಕರಣ ಕಟ್ಟಿ ಮೇಲಿನ ವಾತಾವರಣವನ್ನು ಅಳೆಯುವ ಕೇಂದ್ರವೊಂದಕ್ಕೆ ಸೇರಿಕೊಂಡರು. 1906ರ ಏಪ್ರಿಲ್‌ನಲ್ಲಿ ಅಣ್ಣ ಕುರ್ಟ್ ಜೊತೆ ಬಲೂನು ಹತ್ತಿ 52 ಗಂಟೆಗೂ ಹೆಚ್ಚು ಕಾಲ ಆಕಾಶದಲ್ಲೇ ಇದ್ದರು. ಆ ಕಾಲಕ್ಕೆ ಅದೊಂದು ದಾಖಲೆ.

ಅದೇ ವರ್ಷ ಡೆನ್ಮಾರ್ಕಿನ ತಂಡವೊಂದರ ಜೊತೆ ಗ್ರೀನ್‌ಲ್ಯಾಂಡ್‌ಗೆ ಹೋಗಿ ಎರಡು ವರ್ಷ ಅಲ್ಲೇ ಕಳೆದರು. ಆ ತಂಡದ ನಾಯಕನೂ ಇನ್ನಿಬ್ಬರೂ ಹಿಮದಲ್ಲಿ ಪ್ರಾಣ ಬಿಟ್ಟರು. ಇಷ್ಟಾದರೂ ವೆಗೆನರ್ ಅವರ ಗ್ರೀನ್‌ಲ್ಯಾಂಡ್ ಗೀಳು ಇಳಿಯಲಿಲ್ಲ.

ಮರಳಿ ಬಂದು ಮಾರ್ಬುರ್ಗ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳತೊಡಗಿದರು. 1911ರಲ್ಲಿ ವಾತಾವರಣದ ಉಷ್ಣಗತಿ ಕುರಿತು ಪಠ್ಯಪುಸ್ತಕ ಬರೆದರು. ತಣ್ಣನೆಯ ಮೋಡದಲ್ಲಿ ಮಂಜಿನ ಹರಳುಗಳು ಸುತ್ತಲಿನ ನೀರಾವಿಯನ್ನು ಹೀರಿ ಬೆಳೆದು ಕೆಳಗೆ ಬೀಳುತ್ತವೆ ಎಂಬ ವಿವರಣೆಯಲ್ಲಿ ಇಂದಿಗೂ ಅವರ ಹೆಸರಿದೆ. ಚಂದ್ರನ ಮೇಲಿನ ಕುಳಿಗಳು ಜ್ವಾಲಾಮುಖಿಯಿಂದಲ್ಲ, ಆಕಾಶಕಾಯಗಳು ಬಡಿದು ಆದವು ಎಂದೂ ಮುಂದೆ ವಾದಿಸಿದರು, ಅದೂ ಸರಿಯಾಗಿತ್ತು. ಅಂದರೆ ಇವರು ಬೀದಿಯಲ್ಲಿ ನಿಂತು ಏನೋ ಹೇಳಿದ ಹೊರಗಿನವರಲ್ಲ. ತಮ್ಮ ಕ್ಷೇತ್ರದಲ್ಲಿ ಹೆಸರು ಮಾಡಿದ್ದ ವಿಜ್ಞಾನಿ. ಭೂವಿಜ್ಞಾನಿ ಆಗಿರಲಿಲ್ಲ, ಅಷ್ಟೇ.

ಅಟ್ಲಾಸ್‌ನಲ್ಲಿ ಕಂಡದ್ದು

1910ರ ಕೊನೆಯಲ್ಲಿ ಸಹೋದ್ಯೋಗಿಯೊಬ್ಬರಿಗೆ ಬಂದಿದ್ದ ಹೊಸ ಅಟ್ಲಾಸ್ ತಿರುವುವಾಗ ಅಟ್ಲಾಂಟಿಕ್ ಸಾಗರದ ಎರಡು ದಡಗಳು ಒಂದಕ್ಕೊಂದು ಕೂರುವುದು ಅವರ ಕಣ್ಣಿಗೆ ಬಿತ್ತು. ಬ್ರೆಜಿಲ್‌ನ ಉಬ್ಬು ಆಫ್ರಿಕಾದ ತಗ್ಗಿಗೆ ಸರಿಯಾಗಿ ಹೊಂದುತ್ತದೆ. ಇದನ್ನು ಮೊದಲು ನೋಡಿದವರು ಅವರೇ ಅಲ್ಲ. ನಕಾಶೆ ತಯಾರಿಸುತ್ತಿದ್ದ ಒರ್ಟೇಲಿಯಸ್ 1596ರಲ್ಲೇ ಇದನ್ನು ಗಮನಿಸಿದ್ದರು. ಶಾಲೆಯ ಮಗುವೂ ಕಾಣಬಲ್ಲ ಸಂಗತಿ ಅದು. ವೆಗೆನರ್ ಅವರ ಹೆಚ್ಚುಗಾರಿಕೆ ಮುಂದಿನ ಹೆಜ್ಜೆಯಲ್ಲಿದೆ. ಅವರು ಸಾಕ್ಷಿ ಹುಡುಕಲು ಗ್ರಂಥಾಲಯಕ್ಕೆ ಹೋದರು.

ಅಲ್ಲಿ ಸಿಕ್ಕದ್ದು ಒಂದೆರಡಲ್ಲ. ಸಿಹಿನೀರು, ಚೌಳುನೀರಿನಲ್ಲಿ ಬದುಕುತ್ತಿದ್ದ ಮೀಸೊಸಾರಸ್ ಎಂಬ ಪುಟ್ಟ ಸರೀಸೃಪದ ಪಳೆಯುಳಿಕೆ ದಕ್ಷಿಣ ಅಮೆರಿಕದಲ್ಲೂ ಇದೆ, ದಕ್ಷಿಣ ಆಫ್ರಿಕಾದಲ್ಲೂ ಇದೆ. ಅದು ಇಡೀ ಸಾಗರ ಈಜಿತೆಂದರೆ ನಂಬುವುದು ಕಷ್ಟ. ಗ್ಲಾಸೊಪ್ಟೆರಿಸ್ ಎಂಬ ಸಸ್ಯದ ಎಲೆಯ ಅಚ್ಚು ಭಾರತ, ಆಫ್ರಿಕಾ, ಆಸ್ಟ್ರೇಲಿಯಾ, ದಕ್ಷಿಣ ಅಮೆರಿಕಗಳ ಹಳೆಯ ಕಲ್ಲಿದ್ದಲ ಪದರಗಳಲ್ಲಿ ಸಿಗುತ್ತದೆ. ದಕ್ಷಿಣ ಆಫ್ರಿಕಾದ ತುದಿಯಲ್ಲಿ ಕಡಿದುಹೋದ ಮಡಿಕೆ ಬೆಟ್ಟಗಳ ಸಾಲು ಅರ್ಜೆಂಟೀನಾದಲ್ಲಿ ಮುಂದುವರಿಯುತ್ತದೆ. ಹರಿದ ಪತ್ರಿಕೆಯ ಹೋಲಿಕೆಯನ್ನು ಅವರೇ ಕೊಟ್ಟಿದ್ದಾರೆ: ತುಂಡುಗಳ ಅಂಚು ಕೂಡಿದರೆ ಸಾಲದು, ಅಚ್ಚಾದ ಸಾಲುಗಳೂ ಒಂದರಿಂದ ಇನ್ನೊಂದಕ್ಕೆ ಹರಿಯಬೇಕು.

ನಮಗೆ ಎಲ್ಲಕ್ಕಿಂತ ಗಟ್ಟಿ ಎನಿಸುವ ಸಾಕ್ಷಿ ಸವೆತದ್ದು. ದೊಡ್ಡ ಹಿಮರಾಶಿ ನೆಲದ ಮೇಲೆ ಜಾರುವಾಗ ಅಡಿಯಲ್ಲಿ ಸಿಕ್ಕ ಕಲ್ಲುಗಳಿಂದ ಬಂಡೆಯನ್ನು ಉಜ್ಜುತ್ತದೆ. ಪಾತ್ರೆ ತಿಕ್ಕಿದಂತೆ ಗೀರುಗಳು ಉಳಿಯುತ್ತವೆ. ಹಿಮ ಕರಗಿದಾಗ ಹೊತ್ತು ತಂದ ಗುಂಡುಕಲ್ಲು, ಜಲ್ಲಿ, ಮಣ್ಣನ್ನೆಲ್ಲ ಒಟ್ಟಿಗೆ ಸುರಿದು ಹೋಗುತ್ತದೆ. ಇಂಥ ಗುಂಡುಕಲ್ಲಿನ ಪದರ ಒಡಿಶಾದ ತಾಲ್ಚೇರ್‌ನಲ್ಲಿದೆ. ಭಾರತದ ಭೂವೈಜ್ಞಾನಿಕ ಸರ್ವೇಕ್ಷಣೆಯವರು 1856ರಲ್ಲೇ ಅದನ್ನು ಹಿಮದ ಕೆಲಸ ಎಂದು ಗುರುತಿಸಿದ್ದರು. ಬೇಸಿಗೆಯಲ್ಲಿ ಕುದಿಯುವ ತಾಲ್ಚೇರ್‌ನಲ್ಲಿ ಹಿಮವೇ? ಅದೇ ಕಾಲದ, ಅಂದರೆ ಸುಮಾರು 30 ಕೋಟಿ ವರ್ಷ ಹಳೆಯ ಗುರುತುಗಳು ಆಫ್ರಿಕಾ, ಆಸ್ಟ್ರೇಲಿಯಾ, ಬ್ರೆಜಿಲ್‌ಗಳಲ್ಲೂ ಇವೆ. ಕೆಲವು ಕಡೆ ಗೀರುಗಳ ದಿಕ್ಕು ನೋಡಿದರೆ ಹಿಮ ಈಗಿನ ಸಮುದ್ರದಿಂದ ನೆಲದ ಮೇಲೆ ಹತ್ತಿ ಬಂದಂತಿದೆ. ಹಿಮದ ಮೇಲೆ ನಡೆದು ಬಂದಿದ್ದ ವೆಗೆನರ್‌ಗೆ ಗೊತ್ತಿತ್ತು, ಹಿಮ ಹಾಗೆ ಹರಿಯುವುದಿಲ್ಲ. ಈ ತುಂಡುಗಳನ್ನೆಲ್ಲ ದಕ್ಷಿಣ ಧ್ರುವದ ಸುತ್ತ ಕೂಡಿಸಿ ಇಟ್ಟರೆ ಗೀರುಗಳೆಲ್ಲ ಒಂದು ದೊಡ್ಡ ಹಿಮದ ಹಾಳೆಯಿಂದ ಹೊರಟಂತೆ ಕಾಣುತ್ತವೆ. ಆ ಕೂಡಿಕೆಯನ್ನು ಇಂದು ಗೊಂಡ್ವಾನ ಎನ್ನುತ್ತೇವೆ. ಮಧ್ಯ ಭಾರತದ ಗೊಂಡರ ನಾಡಿನಿಂದ ಬಂದ ಹೆಸರದು.

ಆಗಿನ ಪಂಡಿತರಿಗೆ ಪಳೆಯುಳಿಕೆಗಳು ಗೊತ್ತಿರಲಿಲ್ಲವೆಂದಲ್ಲ. ಖಂಡಗಳ ನಡುವೆ ಹಿಂದೆ ನೆಲದ ಸೇತುವೆಗಳಿದ್ದವು, ಆಮೇಲೆ ಮುಳುಗಿದವು ಎಂದು ಹೇಳುತ್ತಿದ್ದರು. ಬೆಟ್ಟಗಳಿಗೂ ಒಂದು ವಿವರಣೆಯಿತ್ತು. ಭೂಮಿ ತಣ್ಣಗಾಗುತ್ತ ಕುಗ್ಗುತ್ತಿದೆ, ಬಾಡಿದ ಸೇಬಿನ ಸಿಪ್ಪೆಯಂತೆ ಮೈ ಸುಕ್ಕುಗಟ್ಟುತ್ತಿದೆ ಎಂದು. ಹಗುರವಾದ ಖಂಡದ ಶಿಲೆ ಭಾರವಾದ ಸಾಗರತಳದೊಳಗೆ ಹೇಗೆ ಮುಳುಗೀತು ಎಂದು ವೆಗೆನರ್ ಕೇಳಿದರು. ಮರದ ತುಂಡು ನೀರಿನಲ್ಲಿ ಮುಳುಗದ ಹಾಗೆ ಅದೂ ಮುಳುಗದು. ಹಿಮಯುಗದ ಹಿಮ ಕರಗಿ ಭಾರ ಇಳಿದ ಮೇಲೆ ಸ್ಕ್ಯಾಂಡಿನೇವಿಯಾದ ನೆಲ ಇಂದಿಗೂ ನಿಧಾನವಾಗಿ ಮೇಲೇಳುತ್ತಿದೆ. ಅಂದಮೇಲೆ ಅಡಿಯ ಶಿಲೆ ದೀರ್ಘಕಾಲದಲ್ಲಿ ಮಂದವಾದ ಅಂಟಿನಂತೆ ಜರುಗಬಲ್ಲದು. ಮೇಲೆ ಕೆಳಗೆ ಚಲಿಸುವ ನೆಲ ಅಡ್ಡಡ್ಡವಾಗಿ ಚಲಿಸಬಾರದೇಕೆ?

1912ರ ಜನವರಿ 6ರಂದು ಫ್ರಾಂಕ್‌ಫರ್ಟ್‌ನಲ್ಲಿ ಈ ವಿಚಾರವನ್ನು ಮಂಡಿಸಿದರು. ಅದೇ ವರ್ಷ ಮತ್ತೆ ಗ್ರೀನ್‌ಲ್ಯಾಂಡ್‌ಗೆ ಹೊರಟು, ಅದರ ಹಿಮವನ್ನು ಅಗಲವಾದ ಭಾಗದಲ್ಲೇ ದಾಟಿದರು. ಕೊನೆಗೆ ಆಹಾರ ಮುಗಿದು ಜೊತೆಗಿದ್ದ ಕುದುರೆ, ನಾಯಿಗಳನ್ನೇ ತಿನ್ನಬೇಕಾಗಿ ಬಂತು. 1913ರಲ್ಲಿ ಎಲ್ಸ ಅವರನ್ನು ಮದುವೆಯಾದರು. ಮಾವ ವ್ಲಾಡಿಮಿರ್ ಕೊಪ್ಪೆನ್. ಭೂಗೋಳ ಓದಿದವರಿಗೆ ಕೊಪ್ಪೆನ್ ಅವರ ಹವಾಗುಣ ವರ್ಗೀಕರಣ ನೆನಪಿರಬಹುದು, ಅದೇ ಕೊಪ್ಪೆನ್. ಮೊದಲ ಮಹಾಯುದ್ಧದಲ್ಲಿ ಎರಡು ಸಲ ಗಾಯಗೊಂಡರು. ಆ ನಡುವೆಯೇ 1915ರಲ್ಲಿ ಖಂಡಗಳ ಮತ್ತು ಸಾಗರಗಳ ಹುಟ್ಟಿನ ಬಗ್ಗೆ ನೂರು ಪುಟವೂ ಇಲ್ಲದ ಪುಸ್ತಕ ಹೊರಬಂತು. 1929ರ ಹೊತ್ತಿಗೆ ಅದನ್ನು ಮೂರು ಸಲ ತಿದ್ದಿ ಬೆಳೆಸಿದರು.

ನಕ್ಕವರು ಮೂರ್ಖರೇ?

ಈಗ ಫಾರ್ವರ್ಡ್‌ನ ಮುಖ್ಯ ಮಾತಿಗೆ ಬರೋಣ. ಕೆಲವರು ನಕ್ಕದ್ದು ನಿಜ. ಹವಾಮಾನದವನಿಗೆ ಕಲ್ಲಿನ ಉಸಾಬರಿ ಏಕೆ ಎಂದವರೂ ಇದ್ದರು. ಅಮೆರಿಕದ ಭೂವಿಜ್ಞಾನಿಗಳ ವಿರೋಧ ಜೋರಾಗಿಯೇ ಇತ್ತು. ಜರ್ಮನಿಯಲ್ಲಿ ಪ್ರಾಧ್ಯಾಪಕ ಹುದ್ದೆ ಸಿಗದೆ ವೆಗೆನರ್ 1924ರಲ್ಲಿ ಆಸ್ಟ್ರಿಯಾದ ಗ್ರಾಜ್‌ಗೆ ಹೋಗಬೇಕಾಯಿತು.

ಆದರೆ ಆಕ್ಷೇಪಗಳಲ್ಲಿ ಎರಡು ಗಟ್ಟಿಯಾಗಿದ್ದವು. ಒಂದು, ಖಂಡಗಳನ್ನು ತಳ್ಳುವ ಶಕ್ತಿ ಯಾವುದು? ಭೂಮಿಯ ತಿರುಗುವಿಕೆಯಿಂದ ಖಂಡಗಳು ಧ್ರುವದಿಂದ ದೂರ ಸರಿಯುತ್ತವೆ, ಚಂದ್ರಸೂರ್ಯರ ಸೆಳೆತವೂ ಎಳೆಯುತ್ತದೆ ಎಂದು ವೆಗೆನರ್ ಸೂಚಿಸಿದರು. ಇಂಗ್ಲೆಂಡಿನ ಹೆರಾಲ್ಡ್ ಜೆಫ್ರೀಸ್ ಲೆಕ್ಕ ಹಾಕಿ, ಆ ಶಕ್ತಿಗಳು ಬೆಟ್ಟ ಎಬ್ಬಿಸಲು ಏನೇನೂ ಸಾಲವು ಎಂದು ತೋರಿಸಿದರು. ಚಂದ್ರಸೂರ್ಯರ ಸೆಳೆತ ಅಷ್ಟು ಬಲವಾಗಿದ್ದರೆ ಭೂಮಿಯ ತಿರುಗುವಿಕೆಯೇ ಎಂದೋ ನಿಂತುಹೋಗಬೇಕಿತ್ತು. ಜೆಫ್ರೀಸ್ ಲೆಕ್ಕ ಸರಿಯಾಗಿತ್ತು, ಇಂದಿಗೂ ಸರಿಯೇ.

ಎರಡನೆಯದು ವೇಗ. 1823, 1870 ಮತ್ತು 1907ರಲ್ಲಿ ಗ್ರೀನ್‌ಲ್ಯಾಂಡ್‌ನ ರೇಖಾಂಶ ಅಳೆದವರ ಅಂಕಿಗಳನ್ನು ಹೋಲಿಸಿ, ಆ ದ್ವೀಪ ವರ್ಷಕ್ಕೆ ಹತ್ತಾರು ಮೀಟರ್ ಪಶ್ಚಿಮಕ್ಕೆ ಸರಿಯುತ್ತಿದೆ ಎಂದು ವೆಗೆನರ್ ನಂಬಿದ್ದರು. ಅದು ಚಲನೆಯಾಗಿರಲಿಲ್ಲ, ಅಳತೆಯ ದೋಷ. ನಿಜವಾದ ವೇಗ ಸುಮಾರು 2 ಸೆಂಟಿಮೀಟರ್. ಅವರು ಸಾವಿರ ಪಟ್ಟಿಗೂ ಹೆಚ್ಚು ತಪ್ಪಿದ್ದರು.

ಎಲ್ಲರೂ ಕೈಬಿಟ್ಟರು ಎಂಬುದೂ ಸುಳ್ಳು. ದಕ್ಷಿಣ ಆಫ್ರಿಕಾದ ಅಲೆಕ್ಸಾಂಡರ್ ಡು ಟೊಯ್ ಬೆಂಬಲಕ್ಕೆ ನಿಂತು 1937ರಲ್ಲಿ ತಮ್ಮ ಪುಸ್ತಕವನ್ನು ವೆಗೆನರ್ ನೆನಪಿಗೇ ಅರ್ಪಿಸಿದರು. ಬ್ರಿಟನ್ನಿನ ಆರ್ಥರ್ ಹೋಮ್ಸ್, ಭೂಮಿಯ ಒಳಗಿನ ಬಿಸಿ ಶಿಲೆ ಕುದಿಯುವ ಗಂಜಿಯಂತೆ ನಿಧಾನವಾಗಿ ಮೇಲೆ ಕೆಳಗೆ ಸುತ್ತುತ್ತಿರಬಹುದು, ಅದೇ ಖಂಡಗಳನ್ನು ಸಾಗಿಸುತ್ತಿರಬಹುದು ಎಂದರು. ನಮ್ಮ ಬೀರಬಲ್ ಸಾಹ್ನಿ 1930ರ ದಶಕದಲ್ಲಿ ಸಸ್ಯ ಪಳೆಯುಳಿಕೆಗಳನ್ನು ಮುಂದಿಟ್ಟುಕೊಂಡು ಈ ಸಿದ್ಧಾಂತವನ್ನು ಪರಿಶೀಲಿಸಿ ಬರೆದರು. ದಕ್ಷಿಣದ ಬಂಡೆಗಳನ್ನು ಕೈಯಲ್ಲಿ ಹಿಡಿದು ನೋಡಿದವರಿಗೆ ಈ ಮಾತು ಅಷ್ಟು ವಿಚಿತ್ರ ಎನಿಸಲಿಲ್ಲ.

ಕೊನೆಯ ಪ್ರಯಾಣ

1930ರಲ್ಲಿ ವೆಗೆನರ್ ತಾವೇ ನಾಯಕರಾಗಿ ದೊಡ್ಡ ತಂಡದೊಂದಿಗೆ ಗ್ರೀನ್‌ಲ್ಯಾಂಡ್‌ಗೆ ಹೋದರು. ಮುಖ್ಯ ಉದ್ದೇಶ ಖಂಡಗಳ ಚಲನೆಗೆ ಸಾಕ್ಷಿ ಹುಡುಕುವುದಲ್ಲ. ಹಿಮದ ಮೇಲಿನ ಹವಾಮಾನವನ್ನು ವರ್ಷವಿಡೀ ದಾಖಲಿಸುವುದು, ಸಿಡಿಮದ್ದು ಸಿಡಿಸಿ ಪ್ರತಿಧ್ವನಿಯಿಂದ ಹಿಮದ ದಪ್ಪ ಅಳೆಯುವುದು. ಕರಾವಳಿಯಿಂದ ಸುಮಾರು 400 ಕಿ.ಮೀ. ಒಳಗೆ, 3000 ಮೀಟರ್ ಎತ್ತರದಲ್ಲಿ ಐಸ್‌ಮಿಟ್ಟೆ ಎಂಬ ಠಾಣೆ. ಹೆಸರಿನ ಅರ್ಥವೇ ಹಿಮದ ನಡು.

ಆ ವರ್ಷ ಸಮುದ್ರದ ಹಿಮ ಬೇಗ ಬಿಡಲಿಲ್ಲ. ಆರು ವಾರ ಕಾದದ್ದರಲ್ಲೇ ಹೋಯಿತು. ನಂಬಿಕೊಂಡಿದ್ದ ಮೋಟಾರು ಜಾರುಬಂಡಿಗಳು ಕೈಕೊಟ್ಟವು. ಐಸ್‌ಮಿಟ್ಟೆಯಲ್ಲಿದ್ದ ಗೆಯೊರ್ಗಿ ಮತ್ತು ಸೋರ್ಗೆ, ಅಕ್ಟೋಬರ್ 20ರೊಳಗೆ ಸಾಮಾನು ಬರದಿದ್ದರೆ ನಡೆದೇ ಹೊರಡುತ್ತೇವೆ ಎಂದು ಪತ್ರ ಕಳಿಸಿದರು. ಅವರ ಬಳಿ ರೇಡಿಯೋ ಇರಲಿಲ್ಲ. ಆ ಚಳಿಯಲ್ಲಿ ನಡೆದು ಹೊರಟರೆ ಸಾವು ಖಚಿತ ಎಂದು ವೆಗೆನರ್‌ಗೆ ಗೊತ್ತಿತ್ತು. ಸೆಪ್ಟೆಂಬರ್ ಕೊನೆಯ ವಾರದಲ್ಲಿ ಸಹೋದ್ಯೋಗಿ ಲೋವೆ ಮತ್ತು 13 ಮಂದಿ ಗ್ರೀನ್‌ಲ್ಯಾಂಡ್ ಸ್ಥಳೀಯರೊಂದಿಗೆ ನಾಯಿಗಳ ಜಾರುಬಂಡಿ ಕಟ್ಟಿಕೊಂಡು ಹೊರಟರು. ಹಿಮಗಾಳಿ, ಶೂನ್ಯಕ್ಕಿಂತ 50 ಡಿಗ್ರಿಗೂ ಕೆಳಗೆ ಇಳಿದ ಚಳಿ. ಒಬ್ಬೊಬ್ಬರಾಗಿ ಸ್ಥಳೀಯರು ಹಿಂತಿರುಗಿದರು. ಉಳಿದವರು ಇಪ್ಪತ್ತರ ಆಸುಪಾಸಿನ ರಾಸ್ಮುಸ್ ವಿಲ್ಲುಮ್ಸೆನ್ ಒಬ್ಬರೇ. ಸಾಮಾನಿನ ಬಹುಭಾಗವನ್ನು ದಾರಿಯಲ್ಲೇ ಬಿಡಬೇಕಾಯಿತು. ಸುಮಾರು 40 ದಿನದ ಬಳಿಕ, ಅಕ್ಟೋಬರ್ 30ರಂದು ಮೂವರೂ ಠಾಣೆ ತಲುಪಿದರು.

ಅಲ್ಲಿದ್ದ ಇಬ್ಬರು ಹಿಮದಲ್ಲಿ ಗುಹೆ ಕೊರೆದುಕೊಂಡು, ಇರುವುದರಲ್ಲೇ ಚಳಿಗಾಲ ಕಳೆಯುವುದೆಂದು ಅಷ್ಟರಲ್ಲಿ ಮನಸ್ಸು ಬದಲಿಸಿದ್ದರು! ರೇಡಿಯೋ ಒಂದು ಇದ್ದಿದ್ದರೆ ಈ ಪ್ರಯಾಣದ ಅಗತ್ಯವೇ ಇರುತ್ತಿರಲಿಲ್ಲ. ಲೋವೆ ಅವರ ಕಾಲ್ಬೆರಳುಗಳು ಹೆಪ್ಪುಗಟ್ಟಿದ್ದವು, ಆಮೇಲೆ ಜೇಬುಚಾಕುವಿನಲ್ಲೇ ಅವನ್ನು ಕತ್ತರಿಸಬೇಕಾಯಿತು. ಅವರು ಹಿಂತಿರುಗುವಂತಿರಲಿಲ್ಲ. ಐದು ಜನರಿಗೆ ಆಹಾರ ಸಾಲದು. ನವೆಂಬರ್ 1, ವೆಗೆನರ್ ಅವರ 50ನೇ ಹುಟ್ಟುಹಬ್ಬ. ಅದೇ ದಿನ ಅವರೂ ರಾಸ್ಮುಸ್ ಕೂಡ 17 ನಾಯಿಗಳೊಂದಿಗೆ ಕರಾವಳಿಯತ್ತ ಹೊರಟರು. ಇಬ್ಬರೂ ತಲುಪಲಿಲ್ಲ.

1931ರ ಮೇ 12ರಂದು ಹುಡುಕಲು ಹೋದವರಿಗೆ ಸುಮಾರು ಅರ್ಧ ದಾರಿಯಲ್ಲಿ ನೆಟ್ಟಗೆ ಚುಚ್ಚಿದ್ದ ಸ್ಕೀಗಳು ಕಂಡವು. ಅಗೆದಾಗ ಮಲಗುಚೀಲದ ಹೊದಿಕೆಯಲ್ಲಿ ಜೋಪಾನವಾಗಿ ಹೊಲಿದಿಟ್ಟ ವೆಗೆನರ್ ದೇಹ ಸಿಕ್ಕಿತು. ಹೆಚ್ಚು ದಣಿದು ಹೃದಯ ನಿಂತಿರಬಹುದು ಎಂದು ಅಂದಾಜು. ಹೊಲಿದವರು ರಾಸ್ಮುಸ್. ವೆಗೆನರ್ ದಿನಚರಿಯನ್ನು ತೆಗೆದುಕೊಂಡು ಅವರು ಮುಂದೆ ಹೊರಟಿದ್ದರು. ಅವರೂ ಸಿಗಲಿಲ್ಲ, ದಿನಚರಿಯೂ ಸಿಗಲಿಲ್ಲ. ಒಬ್ಬಂಟಿಯಾಗಿ ಸತ್ತ ವಿಜ್ಞಾನಿ ಎಂಬ ಫಾರ್ವರ್ಡ್‌ನಲ್ಲಿ ಈ ಹುಡುಗನ ಹೆಸರು ಬರುವುದೇ ಇಲ್ಲ. ನಮಗೆ ಅದೇ ಹೆಚ್ಚು ಬೇಸರ. ಐಸ್‌ಮಿಟ್ಟೆಯಲ್ಲಿ ಉಳಿದ ಮೂವರು ಬದುಕಿದರು, ಅಳತೆಗಳನ್ನು ನಿಲ್ಲಿಸಲಿಲ್ಲ. ಅಲ್ಲಿ ಹಿಮ ಎರಡೂವರೆ ಕಿಲೋಮೀಟರಿಗೂ ಹೆಚ್ಚು ದಪ್ಪವಿದೆ ಎಂದು ಗೊತ್ತಾಯಿತು.

ಉತ್ತರ ಸಿಕ್ಕಿದ್ದು ಸಮುದ್ರದಡಿ

ವೆಗೆನರ್ ಹುಡುಕಿದ್ದು ನೆಲದ ಮೇಲೆ. ತಳ್ಳುವ ಶಕ್ತಿಯ ಸುಳಿವು ಇದ್ದದ್ದು ಸಾಗರದ ತಳದಲ್ಲಿ, ಅದನ್ನು ನೋಡುವ ಉಪಕರಣ ಅವರ ಕಾಲದಲ್ಲಿರಲಿಲ್ಲ. 1950ರ ದಶಕದಲ್ಲಿ ಮೇರಿ ಥಾರ್ಪ್ ಮತ್ತು ಬ್ರೂಸ್ ಹೀಜೆನ್ ಅಟ್ಲಾಂಟಿಕ್ ತಳದ ನಕಾಶೆ ಬಿಡಿಸಿದಾಗ ನಡುವೆ ಉದ್ದಕ್ಕೂ ಪರ್ವತಸಾಲು, ಅದರ ನೆತ್ತಿಯಲ್ಲಿ ಸೀಳು ಕಂಡಿತು. ಆ ಸೀಳಿನಲ್ಲಿ ಹೊಸ ತಳ ಹುಟ್ಟಿ ಎರಡೂ ಬದಿಗೆ ಸರಿಯುತ್ತದೆ ಎಂದು ಹ್ಯಾರಿ ಹೆಸ್ 1962ರಲ್ಲಿ ಬರೆದರು. ಮರುವರ್ಷ ವೈನ್ ಮತ್ತು ಮ್ಯಾಥ್ಯೂಸ್, ಸಾಗರತಳದ ಶಿಲೆಯಲ್ಲಿರುವ ಕಾಂತೀಯ ಪಟ್ಟೆಗಳನ್ನು ಇದೇ ರೀತಿ ಓದಬಹುದು ಎಂದು ತೋರಿಸಿದರು. 1960ರ ದಶಕ ಮುಗಿಯುವ ಹೊತ್ತಿಗೆ ಭೂಫಲಕಗಳ ಸಿದ್ಧಾಂತ ನೆಲೆ ನಿಂತಿತು.

ಇದು ವೆಗೆನರ್ ಹೇಳಿದ್ದೇ ಅಲ್ಲ. ಖಂಡಗಳು ಹಡಗಿನಂತೆ ಸಾಗರತಳವನ್ನು ಸೀಳಿಕೊಂಡು ಹೋಗುತ್ತವೆ ಎಂದು ಅವರು ಭಾವಿಸಿದ್ದರು. ವಾಸ್ತವದಲ್ಲಿ ಖಂಡವೂ ಸಾಗರತಳವೂ ಸೇರಿದ ಫಲಕವೇ ಒಟ್ಟಾಗಿ ಸರಿಯುತ್ತದೆ. ಒಂದು ಅಂಚಿನಲ್ಲಿ ತಣ್ಣಗಾಗಿ ಭಾರವಾದ ಸಾಗರತಳ ಭೂಮಿಯೊಳಗೆ ಜಾರುತ್ತ ಉಳಿದದ್ದನ್ನು ಎಳೆಯುತ್ತದೆ. ಹಾಗಾಗಿ ದೊಡ್ಡ ಸಾಗರಗಳ ತಳದಲ್ಲಿ 20 ಕೋಟಿ ವರ್ಷಕ್ಕಿಂತ ಹಳೆಯ ಶಿಲೆ ಸಿಗುವುದೇ ಕಷ್ಟ. ಬೆಂಗಳೂರಿನ ಲಾಲ್‌ಬಾಗ್ ಬಂಡೆಗೆ ಸುಮಾರು 300 ಕೋಟಿ ವರ್ಷ. ಹಗುರವಾದ ಖಂಡ ಮುಳುಗದು ಎಂಬ ವೆಗೆನರ್ ಮಾತು ಇಲ್ಲಿ ಸರಿಯಾಯಿತು.

ವೇಗ ಉಗುರು ಬೆಳೆಯುವಷ್ಟು. ಆದರೆ ಕಾಲವನ್ನು ಸೇರಿಸಿ ನೋಡಿ. ವರ್ಷಕ್ಕೆ 2.5 ಸೆಂ.ಮೀ. ಎಂದರೆ 10 ಕೋಟಿ ವರ್ಷಕ್ಕೆ 2500 ಕಿ.ಮೀ. ಸವೆತದ ಲೆಕ್ಕವೂ ಹೀಗೆಯೇ. ಮಳೆ, ನದಿ, ಹಿಮ ಸೇರಿ ಸಾವಿರ ವರ್ಷಕ್ಕೆ 5 ಸೆಂ.ಮೀ. ನೆಲ ಕೊಚ್ಚಿದರೆ 2 ಕೋಟಿ ವರ್ಷಕ್ಕೆ ಒಂದು ಕಿಲೋಮೀಟರ್. ಭಾರ ಇಳಿದ ನೆಲ ಸ್ವಲ್ಪ ಮೇಲೇಳುವುದರಿಂದ ಇನ್ನೂ ತಡವಾದೀತು. ಆದರೂ 454 ಕೋಟಿ ವರ್ಷದ ಭೂಮಿಯಲ್ಲಿ ಬೆಟ್ಟವೇ ಉಳಿಯಬಾರದಿತ್ತು. ಉಳಿದಿವೆ, ಏಕೆಂದರೆ ಫಲಕಗಳು ಎಬ್ಬಿಸುತ್ತಲೇ ಇವೆ.

ಈ ಎಬ್ಬಿಸುವ ಮತ್ತು ಸವೆಸುವ ಕೆಲಸ ಎರಡನ್ನೂ ನೀವು ಅಂಗೈಯಲ್ಲಿ ಹಿಡಿದು ನೋಡಿರಬಹುದು. ಅನೇಕರ ದೇವರಮನೆಯಲ್ಲಿರುವ, ನೇಪಾಳದ ಗಂಡಕಿ ನದಿಯ ಸಾಲಿಗ್ರಾಮ. ಪೂಜೆ, ನಂಬಿಕೆ ಅವರವರದು, ಅದು ನಮ್ಮ ವಿಷಯವಲ್ಲ. ಕಲ್ಲಿನೊಳಗಿನ ಸುರುಳಿ ಮಾತ್ರ ಅಮೊನೈಟ್ ಎಂಬ ಸಮುದ್ರಜೀವಿಯ ಚಿಪ್ಪು, ಸುಮಾರು 15 ಕೋಟಿ ವರ್ಷ ಹಳೆಯದು. ಆಗ ಭಾರತಕ್ಕೂ ಏಷ್ಯಾಕ್ಕೂ ನಡುವೆ ಟೆಥಿಸ್ ಸಾಗರವಿತ್ತು. ಸುಮಾರು 5 ಕೋಟಿ ವರ್ಷದ ಹಿಂದೆ ಭಾರತ ಏಷ್ಯಾಕ್ಕೆ ಬಡಿದು ಆ ಸಾಗರದ ತಳ ಮಡಿಚಿ ಮೇಲೆದ್ದಿತು. ಹಿಮಾಲಯ ಭಾರತ ಮತ್ತು ಏಷ್ಯಾದ ಒತ್ತಡದಿಂದ ಎದ್ದದ್ದು ಎಂದು ವೆಗೆನರ್ ಕೂಡ ಹೇಳಿದ್ದರು. ಎದ್ದ ಬೆಟ್ಟವನ್ನು ನದಿ ಕೊರೆಯಿತು, ಚಿಪ್ಪಿನ ಕಲ್ಲು ಉರುಳಿ ನುಣುಪಾಗಿ ದಡಕ್ಕೆ ಬಂತು. ಗಂಗೆ, ಬ್ರಹ್ಮಪುತ್ರಗಳು ಇಂದಿಗೂ ವರ್ಷಕ್ಕೆ ಸುಮಾರು 100 ಕೋಟಿ ಟನ್ ಮಣ್ಣುಮರಳು ಹೊತ್ತು ಬಂಗಾಳ ಕೊಲ್ಲಿಯತ್ತ ಸಾಗಿಸುತ್ತಿವೆ.

ಬಡಿದದ್ದರ ಗುರುತು ಹಿಮಾಲಯವಾದರೆ, ಬೇರ್ಪಟ್ಟದ್ದರ ಗುರುತು ನಮ್ಮ ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪ. ಸೆಲ್ಫಿಗಳ ಹಿಂದೆ ಕಾಣುವ ಆ ಕಂಬಕಲ್ಲುಗಳು ಸುಮಾರು 8.8 ಕೋಟಿ ವರ್ಷದ ಹಿಂದೆ, ಮಡಗಾಸ್ಕರ್ ಭಾರತದಿಂದ ಕಳಚಿಕೊಂಡ ಕಾಲದ ಲಾವಾ.

ಎಲ್ಸ ವೆಗೆನರ್ ನೂರು ವರ್ಷ ಬಾಳಿ 1992ರಲ್ಲಿ ತೀರಿಕೊಂಡರು. ಗಂಡನ ಮಾತು ಪಾಠಪುಸ್ತಕ ಸೇರಿದ್ದನ್ನು ನೋಡಿದರು. ಅವರ ಮಗಳು ಲೋಟೆ ಮದುವೆಯಾದದ್ದು ಟಿಬೆಟ್‌ನಲ್ಲಿ ಏಳು ವರ್ಷ ಕಳೆದು ಪುಸ್ತಕ ಬರೆದ ಹೈನ್ರಿಚ್ ಹಾರರ್ ಅವರನ್ನು. ವೆಗೆನರ್ ದೇಹವನ್ನು ಊರಿಗೆ ತರಲಿಲ್ಲ. ಸಿಕ್ಕಲ್ಲಿಯೇ ಹೂತು ಕಬ್ಬಿಣದ ಶಿಲುಬೆ ನೆಟ್ಟರು. ವರ್ಷ ವರ್ಷ ಬಿದ್ದ ಹಿಮದಡಿ ಅದೆಲ್ಲ ಮುಚ್ಚಿಹೋಗಿದೆ. ಹಿಮ ಅವರನ್ನು ನಿಧಾನವಾಗಿ ಕರಾವಳಿಯತ್ತ ಒಯ್ಯುತ್ತಿದೆ. ಇಡೀ ಗ್ರೀನ್‌ಲ್ಯಾಂಡ್ ಉತ್ತರ ಅಮೆರಿಕ ಫಲಕದ ಮೇಲೆ ಯುರೋಪಿನಿಂದ ದೂರ ಸರಿಯುತ್ತಿದೆ. 1930ರಿಂದ ಈಚೆಗೆ, ಸುಮಾರು 2 ಮೀಟರ್.